ಒಸಡಿನ ಬಣ್ಣದ ನಾಲ್ಕು ತುಂಡು

ಗುಜರಿಯವನು ಚೀಲವನ್ನು ತಕ್ಕಡಿಗೆ ಹಾಕಿದ. ಹಲ್ಲಕ್ಕ ಚೀಲದೊಳಗೆ ಕೈ ಇಳಿಸಿ, ಅಕ್ಕಿಯಲ್ಲಿ ಕಲ್ಲು ಹುಡುಕುವವಳ ಹಾಗೆ ಚಿತ್ರ ಜೋಡಿಸುವ ಪಜಲಿನ ರಟ್ಟಿನ ತುಂಡುಗಳನ್ನು ಬೆರಳಿನಲ್ಲಿ ಆಡಿಸಿದಳು.

"ಇದರ ಡಬ್ಬಿ ಮುಚ್ಚಳ ಎಲ್ಲಿ?"

"ಮುಚ್ಚಳ ಇದ್ದಿದ್ರೆ ಇದು ದೊಡ್ಡ ಅಂಗಡೀಲಿ ಇರ್ತಿತ್ತು ಅಕ್ಕ, ನನ್ ಹತ್ರ ಯಾಕೆ ಬರ್ತಿತ್ತು?"

"ಚಿತ್ರ ಏನು ಅಂತಾದ್ರೂ ಗೊತ್ತಾ?"

"ನೀಲಿ ಜಾಸ್ತಿ ಇದೆ. ಆಕಾಶ ಇರ್ಬೇಕು, ಇಲ್ಲಾಂದ್ರೆ ನೀರು. ಯಾವುದಾದ್ರೂ ನಿಮಗೆ ಲುಕ್ಸಾನಿಲ್ಲ."

"ತುಂಡು ಎಲ್ಲಾ ಇದೆಯಾ?"

"ಎಣಿಸಿ ಕೊಡೋದಾದ್ರೆ ರೇಟು ಬೇರೆ. ನಾನು ತೂಕಕ್ಕೆ ಮಾರೋನು."

ಹಳೆ ಪೇಪರಿನ ದರಕ್ಕೆ ಕೊಂಡು, ಚೀಲವನ್ನು ಸೊಂಟಕ್ಕೆ ಒತ್ತಿಕೊಂಡು ಅವಳು ಮನೆಯ ದಾರಿ ಹಿಡಿದಳು.

ಅವಳ ಕಸುಬು ಹಲ್ಲಿನ ಸೆಟ್ಟು ಕಟ್ಟುವುದು. ಹಲ್ಲಿನ ಆಸ್ಪತ್ರೆಯ ಹಿಂದಿನ ಕೋಣೆಯಲ್ಲಿ, ಕಿಟಕಿ ಪಕ್ಕದ ಮೇಜಿನಲ್ಲಿ ಕೂತು, ಡಾಕ್ಟರು ತೆಗೆದುಕೊಟ್ಟ ಬಾಯಿಯ ಅಚ್ಚಿಗೆ ಪ್ಲಾಸ್ಟರ್ ಸುರಿಯುತ್ತಾಳೆ. ಅದರ ಮೇಲೆ ಮೇಣದ ಒಸಡು ಮಾಡಿ ಒಂದೊಂದೇ ಹಲ್ಲು ಕೂರಿಸುತ್ತಾಳೆ. ಆಮೇಲೆ ಮೇಣವನ್ನು ಕರಗಿಸಿ ತೆಗೆದು, ಆ ಜಾಗಕ್ಕೆ ಗುಲಾಬಿ ಪುಡಿಯನ್ನು ದ್ರವದಲ್ಲಿ ಕಲಸಿ ತುಂಬಿ, ಬಿಸಿನೀರಿನಲ್ಲಿ ಬೇಯಿಸುತ್ತಾಳೆ. ರೋಗಿಗಳ ಮುಖ ಅವಳು ನೋಡುವುದು ಅಪರೂಪ. ಬಸ್ಸಿನಲ್ಲಿ ಯಾರಾದರೂ ಅಪರಿಚಿತರು ಬಾಯಿ ತುಂಬ ನಕ್ಕರೆ ಮಾತ್ರ, ಓಹೋ ಇದು ನನ್ನದು ಎಂದು ಗುರುತು ಹಿಡಿಯುತ್ತಾಳೆ.

ಕಟ್ಟಡದ ಜನರಿಗೆಲ್ಲ ಅವಳು ಹಲ್ಲಕ್ಕ. ಅತ್ತೆ ಮಾತ್ರ ಹಾಗೆ ಕರೆಯುವುದಿಲ್ಲ. ಅತ್ತೆಯ ಬಾಯಲ್ಲಿರುವುದೂ ಸೊಸೆ ಕಟ್ಟಿದ ಹಲ್ಲೇ. ಹಾಗೆ ಕರೆದರೆ ಉಪಕಾರ ಒಪ್ಪಿಕೊಂಡಂತಾಗುತ್ತದೆ ಎಂದು ಅವರ ಭಯ. ಗಂಡ ಲಾರಿ ಓಡಿಸುತ್ತಾನೆ, ಮನೆಯಲ್ಲಿ ಸಿಗುವುದು ಕಡಿಮೆ.

ಹೊಸ ಪಜಲಿನ ಬೆಲೆಯನ್ನು ಅವಳು ಒಮ್ಮೆ ಅಂಗಡಿಯಲ್ಲಿ ಕೇಳಿ, ಕಾದ ಪಾತ್ರೆ ಮುಟ್ಟಿದವಳಂತೆ ಡಬ್ಬಿಯನ್ನು ಕೆಳಗಿಟ್ಟು ಬಂದಿದ್ದಳು. ಆಮೇಲೆ ಗುಜರಿಯ ದಾರಿ ಸಿಕ್ಕಿತು. ತುಂಡು ಕಳೆದ ಪಜಲಿಗೆ ಅವಳು ಇಟ್ಟ ಹೆಸರು ಬೊಚ್ಚುಬಾಯಿ. ಬೊಚ್ಚುಬಾಯಿ ಯಾರಿಗೂ ಬೇಡ, ಆದ್ದರಿಂದ ಅಗ್ಗ. ಖಾಲಿ ಜಾಗಕ್ಕೆ ಮೇಣ ಒತ್ತಿ ಅಚ್ಚು ತೆಗೆದು, ಸೆಟ್ಟು ಕಟ್ಟಿ ಮಿಕ್ಕ ಪುಡಿಯಲ್ಲಿ ಒಂದು ತುಂಡು ಬೇಯಿಸಿ ತಂದರೆ ಬಾಯಿ ತುಂಬುತ್ತದೆ. ಒಮ್ಮೆ ಡಾಕ್ಟರು ಅಂಥದೊಂದು ತುಂಡನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿ, "ಪಾಪ, ಇದು ಯಾರ ಬಾಯಮ್ಮ?" ಎಂದು ಕೇಳಿದ್ದರು.

ತಂದ ಪಜಲನ್ನು ಅವಳು ಒಬ್ಬಳೇ ಇಟ್ಟುಕೊಳ್ಳುವುದಿಲ್ಲ. ನೆಲಮಹಡಿಯಲ್ಲಿ, ನೀರಿನ ಪಂಪಿನ ಪಕ್ಕದ ಕೋಣೆಯಲ್ಲಿ, ಒಂದು ಕಾಲು ಗಿಡ್ಡವಾದ ಮೇಜಿದೆ. ಅದರ ಮೇಲೆ ಸುರಿದಿಡುತ್ತಾಳೆ. ಹೋಗುವವರು ಬರುವವರು ಕೂತು ಜೋಡಿಸುತ್ತಾರೆ. ಅಲ್ಲಿ ಇರುವ ಕಾನೂನು ಒಂದೇ, ಅದನ್ನು ಮಾಡಿದವಳೂ ಅವಳೇ: ಕೊನೆಯ ತುಂಡು ಕೂರಿಸಿದವರು ಮುಂದಿನ ಡಬ್ಬಿ ಆರಿಸಬೇಕು.

ಕಾನೂನು ಮಾಡುವಾಗ ಜನರ ಮೇಲೆ ಅವಳಿಗೆ ನಂಬಿಕೆಯಿತ್ತು. ಎರಡನೇ ಮಹಡಿಯ ನಿವೃತ್ತ ಬಸ್ ಕಂಡಕ್ಟರಿಗೆ ಗಾಡಿಗಳ ಚಿತ್ರ ಬೇಕು. ಗಣಿತದ ಮೇಷ್ಟ್ರಿಗೆ ಭೂಪಟ ಬೇಕು. ಬ್ಲೌಸ್ ಹೊಲಿಯುವ ಟೈಲರಮ್ಮನಿಗೆ ಹೂವು. ಅತ್ತೆಗೆ ಮನುಷ್ಯರ ಮುಖ: "ಮುಖ ಇದ್ರೆ ಬೈಕೊಂಡಾದ್ರೂ ಜೋಡಿಸ್ಬಹುದು. ಆಕಾಶಾನ ಏನಂತ ಬೈಯೋದು?"

ಈ ನಾಲ್ವರೂ ಒಬ್ಬರಿಗೊಬ್ಬರು ತಿಳಿಯದಂತೆ ಒಂದೇ ಉಪಾಯ ಹೂಡಿದ್ದರು. ಚೀಲ ಸುರಿದ ದಿನವೇ ತಲಾ ಒಂದು ತುಂಡು ಎತ್ತಿ ಬಚ್ಚಿಟ್ಟುಕೊಂಡಿದ್ದರು. ಮಿಕ್ಕದ್ದೆಲ್ಲ ಮುಗಿದ ಮೇಲೆ, ಆಕಸ್ಮಿಕವಾಗಿ ಸಿಕ್ಕಿತು ಎನ್ನುವಂತೆ ಅದನ್ನು ತಂದು ಕೂರಿಸಿದರೆ ಮುಂದಿನ ಡಬ್ಬಿ ತಮ್ಮದು. ಮಿಕ್ಕದ್ದೆಲ್ಲ ಮುಗಿಯಿತು. ಹಡಗುಗಳು ನಿಂತ ಬಂದರೊಂದು ಮೂಡಿತು. ಅದರ ಮೇಲಿನ ಆಕಾಶದಲ್ಲಿ ನಾಲ್ಕು ತೂತು. ನಾಲ್ವರೂ ಮೇಜಿನ ಸುತ್ತ ಕೂತು, ಉಳಿದ ಮೂರು ತೂತು ಯಾವಾಗ ಮುಚ್ಚುತ್ತವೋ ಎಂದು ಕಾದರು.

ಇದೊಂದೂ ಹಲ್ಲಕ್ಕನಿಗೆ ಗೊತ್ತಿಲ್ಲ. ನಾಲ್ಕು ತುಂಡು ಗುಜರಿಯಲ್ಲೇ ಕಳೆದಿರಬೇಕು ಎಂದುಕೊಂಡು ಅಚ್ಚು ತೆಗೆದಳು, ಬೇಯಿಸಿದಳು, ತಂದು ಕೂರಿಸಿದಳು. ನೀಲಿ ಆಕಾಶದಲ್ಲಿ ಒಸಡಿನ ಬಣ್ಣದ ನಾಲ್ಕು ಮಚ್ಚೆ. ನಾಲ್ವರ ಮುಖವೂ ಸಪ್ಪಗಾಯಿತು.

"ಚೆನ್ನಾಗಿಲ್ವಾ?" ಎಂದಳು.

"ಚೆನ್ನಾಗಿದೆ," ಎಂದರು ಮೇಷ್ಟ್ರು. "ಆದ್ರೂ ಸ್ವಲ್ಪ ದಿನ ಹಾಗೇ ಬಿಟ್ಟು ನೋಡಿದ್ರೆ ಒಳ್ಳೇದಿತ್ತು."

"ತೂತನ್ನ ನೋಡೋದಾ?"

"ಅಸಲಿ ಎಲ್ಲಾದ್ರೂ ಸಿಗಬಹುದಲ್ಲ ಅಂತ."

ಮರುದಿನ ಬೆಳಿಗ್ಗೆ ಎರಡು ಗುಲಾಬಿ ತುಂಡು ಮೇಜಿನ ಕೆಳಗೆ ಬಿದ್ದಿದ್ದವು. ಹಲ್ಲಕ್ಕ ಎತ್ತಿ ಕೂರಿಸಿದಳು. ಸಂಜೆ ಬೇರೆ ಎರಡು ಬಿದ್ದಿದ್ದವು. ಪ್ರತಿಯೊಬ್ಬರೂ ತಂತಮ್ಮ ತೂತನ್ನು ಮಾತ್ರ ತೆರವು ಮಾಡಿಕೊಳ್ಳುತ್ತಿದ್ದರು, ಇನ್ನೊಬ್ಬರದ್ದಕ್ಕೆ ಕೈ ಹಾಕುತ್ತಿರಲಿಲ್ಲ. ಆ ಮಟ್ಟಿಗೆ ಅವರು ಪ್ರಾಮಾಣಿಕರು.

ವಾರವಿಡೀ ಇದೇ ನಡೆಯಿತು. ಹಲ್ಲಕ್ಕನಿಗೆ ಊಟ ರುಚಿಸದಾಯಿತು. ತುಂಡನ್ನು ಲ್ಯಾಬಿಗೆ ಒಯ್ದು ಕ್ಯಾಲಿಪರ್ ಹಿಡಿದು ಅಳೆದಳು. ಅಚ್ಚಿಗಿಂತ ಒಂದು ಕೂದಲೆಳೆ ಕಡಿಮೆ ಬಂತು. ಅದು ಪಾಲಿಶ್ ಮಾಡುವಾಗ ತಾನೇ ಉಜ್ಜಿ ತೆಗೆದದ್ದು ಎಂಬುದು ಆ ಗಾಬರಿಯಲ್ಲಿ ಹೊಳೆಯಲಿಲ್ಲ. ಅವಳ ತಲೆಯಲ್ಲಿ ಬೇರೆಯೇ ಕಥೆ ಬೆಳೆಯಿತು: ಕಲಸುವ ಹದ ತಪ್ಪಿದೆ, ಬೆಂದ ಮೇಲೆ ಮಾಲು ಕುಗ್ಗುತ್ತಿದೆ, ಪಂಪು ಓಡಿದಾಗ ಮೇಜು ನಡುಗಿ ಸಡಿಲ ತುಂಡು ಜಾರಿ ಬೀಳುತ್ತಿದೆ. ಮೇಜಿನಿಂದ ಬಿದ್ದರೆ ಎತ್ತಿಡಬಹುದು. ಆದರೆ ಅದೇ ಕೈ, ಅದೇ ಡಬ್ಬದ ಪುಡಿ, ಒಂದು ತಿಂಗಳಿಂದ ಊರಿನ ಎಷ್ಟೋ ಬಾಯಿಗಳಲ್ಲಿ ಕೂತಿದೆ. ಯಾರೋ ಸೀನಿದಾಗ ಸೆಟ್ಟು ಹಾರಿಬಿದ್ದರೆ?

ಮೊದಲು ಅತ್ತೆಯ ಹತ್ತಿರ ಹೋದಳು. "ಅತ್ತೆ, ನಿಮ್ಮ ಹಲ್ಲು ಸಡಿಲ ಆಗಿದೆಯಾ?"

"ನನ್ನ ನಾಲಿಗೆ ಸಡಿಲ ಅಂತ ನಿನ್ನ ಗಂಡ ಹೇಳ್ತಾನೆ. ಹಲ್ಲಿನ ವಿಷ್ಯ ಯಾರೂ ಹೇಳಿಲ್ಲ."

ಅತ್ತೆಯ ಸೆಟ್ಟು ಹಳೆಯದು, ಆ ಡಬ್ಬದ್ದಲ್ಲ. ಕಂಡಕ್ಟರದ್ದು ಅದೇ ಡಬ್ಬದ್ದು. ಹಲ್ಲಕ್ಕ ಎರಡನೇ ಮಹಡಿ ಹತ್ತಿದಳು.

"ಮಾವ, ನಿಮ್ಮ ಹಲ್ಲು ಎರಡು ದಿನ ಕೊಡಿ."

"ಬಿಗಿಯಾಗೇ ಇದೆಯಮ್ಮ."

"ನನಗೆ ಬೇಜಾರಾಗುತ್ತೆ ಅಂತ ಹಾಗಂತಿದ್ದೀರಿ. ಬಿಚ್ಚಿ."

ಕೈಲಿ ಕದ್ದ ಮಾಲಿದ್ದವನಿಗೆ ಇಲ್ಲ ಎನ್ನಲು ಧೈರ್ಯ ಎಲ್ಲಿಂದ ಬರಬೇಕು? ಕಂಡಕ್ಟರು ಬಿಚ್ಚಿಕೊಟ್ಟರು. ಎರಡು ದಿನ ನಾಲ್ಕಾಯಿತು. ಹಲ್ಲಕ್ಕ ಸೆಟ್ಟನ್ನು ನೀರಿನಲ್ಲಿ ನೆನೆಸಿಟ್ಟು ಬೆಳಿಗ್ಗೆ ಸಂಜೆ ಅಳೆದಳು, ಕುಗ್ಗುವುದನ್ನು ಕಾದಳು. ಅದು ಕುಗ್ಗಲಿಲ್ಲ, ಕುಗ್ಗದೆ ಇರುವುದೂ ಅವಳಿಗೆ ಅನುಮಾನಕ್ಕೆ ಕಾರಣವಾಯಿತು. ಕಂಡಕ್ಟರು ಹಾಲಿನಲ್ಲಿ ಅದ್ದಿದ ಬ್ರೆಡ್ ತಿನ್ನುತ್ತ ಕೆನ್ನೆ ಒಳಗೆಳೆದುಕೊಂಡು ಓಡಾಡಿದರು.

ಭಾನುವಾರ ಸಂಜೆ ಅವಳು ನಾಲ್ವರನ್ನೂ ಮೇಜಿನ ಬಳಿ ಕರೆದಳು. ದನಿ ತಣ್ಣಗಿತ್ತು.

"ನಾಳೆ ಡಾಕ್ಟರಿಗೆ ಹೇಳ್ತೀನಿ. ಒಂದು ತಿಂಗಳಿಂದ ಕಟ್ಟಿದ ಸೆಟ್ಟೆಲ್ಲ ವಾಪಸ್ ತರಿಸಿ ಅಂತ. ನನ್ನ ಕೈ ಕೆಟ್ಟಿದೆ. ಕೆಲಸ ಬಿಡ್ತೀನಿ."

ಪಕ್ಕದ ಕೋಣೆಯಲ್ಲಿ ಪಂಪು ಗುರುಗುಟ್ಟಿತು. ಮೇಜು ನಡುಗಿತು. ಗುಲಾಬಿ ತುಂಡುಗಳು ಕೂತಲ್ಲೇ ಕೂತಿದ್ದವು.

ಕಂಡಕ್ಟರು ಜೇಬಿಗೆ ಕೈ ಹಾಕಿ ನೀಲಿ ತುಂಡೊಂದನ್ನು ತೆಗೆದು ಅಂಗೈಯಲ್ಲಿ ಹಿಡಿದರು. "ನಿನ್ನ ಕೈಗೆ ಏನೂ ಆಗಿಲ್ಲಮ್ಮ. ನನ್ನ ಕೈ ಕೆಟ್ಟದ್ದು."

ಹಲ್ಲಕ್ಕ ಅಂಗೈ ನೋಡಿದಳು, ಆಕಾಶದ ಗುಲಾಬಿ ಮಚ್ಚೆ ನೋಡಿದಳು. ಟೈಲರಮ್ಮ ಸೂಜಿ ಡಬ್ಬಿಯಿಂದ ಒಂದು ತುಂಡು ತೆಗೆದಳು. ಮೇಷ್ಟ್ರು ಕನ್ನಡಕದ ಕವರಿನಿಂದ ಇನ್ನೊಂದು. ಹಲ್ಲಕ್ಕನಿಗಿಂತ ಮೊದಲು ಬೆರಗಾಗಿ ಪರಸ್ಪರ ನೋಡಿಕೊಂಡವರು ಈ ಮೂವರೇ.

"ಸರಿ, ಇಡಿ ಹಾಗಾದ್ರೆ," ಎಂದಳು ಹಲ್ಲಕ್ಕ, ಗುಲಾಬಿ ತುಂಡುಗಳನ್ನು ಕಿತ್ತು ತೆಗೆಯುತ್ತ.

ಯಾರ ಕೈಯೂ ಮುಂದೆ ಬರಲಿಲ್ಲ.

"ಮೇಷ್ಟ್ರೇ, ನೀವು ತಿಳಿದೋರು, ನೀವು ಮೊದಲು," ಎಂದರು ಕಂಡಕ್ಟರು.

"ತಪ್ಪೊಪ್ಪಿಕೊಂಡಿದ್ದು ನೀವು ಮೊದಲು. ಇಡೋದೂ ನೀವೇ ಮೊದಲು."

"ಹೆಂಗಸರು ಮೊದಲು ಅಲ್ವಾ?"

"ಬಸ್ಸಲ್ಲಿ ಯಾವತ್ತಾದ್ರೂ ಹಾಗಂದಿದ್ರಾ ನೀವು?" ಎಂದಳು ಟೈಲರಮ್ಮ.

ಹಲ್ಲಕ್ಕ ಮೂವರನ್ನೂ ಒಂದು ಸುತ್ತು ನೋಡಿದಳು. ಇಷ್ಟು ದಿನ ಎದೆಯ ಮೇಲಿದ್ದ ಕಲ್ಲು ಇಳಿದ ಜಾಗಕ್ಕೆ ಸಿಟ್ಟು ಬಂದು ಕೂತಿತು. "ಮಾವ, ನಿಮ್ಮ ಹಲ್ಲು ನನ್ನ ಹತ್ರ ಇದೆ," ಎಂದಳು.

ಕಂಡಕ್ಟರು ಇಟ್ಟರು. ಹಲ್ಲಕ್ಕನ ಮನೆಯಿಂದ ಟೈಲರಮ್ಮನಿಗೆ ಮೂರು ಬ್ಲೌಸು ಹೊಲಿಯುವ ಕೆಲಸ ಬರಬೇಕಿತ್ತು, ಅವಳೂ ಇಟ್ಟಳು. ಮೇಷ್ಟ್ರು ನಾಲ್ಕನೇ ತೂತನ್ನು ನೋಡುತ್ತ, ಇದು ಯಾರದ್ದೂ ಅಲ್ಲವಾದರೆ ತನ್ನದೇ ಕೊನೆಯದಾಗುತ್ತದೆ ಎಂದು ಲೆಕ್ಕ ಹಾಕಿ ನೆಮ್ಮದಿಯಿಂದ ಇಟ್ಟರು. ಆಗ ಅತ್ತೆ ಎದ್ದು ಮೇಲೆ ಹೋದರು. ಹಲ್ಲು ತೆಗೆದಿಡುವ ಲೋಟ ಹಿಡಿದು ಬಂದು ಮೇಜಿನ ಮೇಲಿಟ್ಟರು. ನೀರಿನ ತಳದಲ್ಲಿ ನಾಲ್ಕನೇ ತುಂಡಿತ್ತು, ಉಬ್ಬಿ ಹೂವಾಗಿತ್ತು.

"ಅತ್ತೆ, ನೀವೂನಾ? ನೀರಲ್ಲಿ ಯಾಕೆ ಹಾಕಿದ್ರಿ?"

"ನೀನು ಎಲ್ಲಾ ಕಡೆ ಗುಡಿಸ್ತೀಯ. ಆ ಲೋಟಕ್ಕೆ ಮಾತ್ರ ಕೈ ಹಾಕಲ್ಲ."

ಉಬ್ಬಿದ ತುಂಡು ಯಾವ ಕಡೆಯಿಂದ ಒತ್ತಿದರೂ ಹೋಗಲಿಲ್ಲ. ಹಲ್ಲಕ್ಕ ಗುಲಾಬಿ ತುಂಡನ್ನು ತೆಗೆದುಕೊಂಡು ತೂತಿನ ಮೇಲಿಟ್ಟು ಹೆಬ್ಬೆರಳಿನಿಂದ ಒತ್ತಿದಳು. ಟಕ್ ಎಂದು ಕೂತಿತು. ಉಗುರು ಹಾಕಿ ಎಬ್ಬಿಸಲು ನೋಡಿದಳು, ಏಳಲಿಲ್ಲ. ಮೇಜನ್ನು ಹಿಡಿದು ಅಲುಗಾಡಿಸಿದಳು. ಹಡಗುಗಳೆಲ್ಲ ಕದಲಿದವು, ಅದು ಕದಲಲಿಲ್ಲ.

"ಹಾಗಾದ್ರೆ ಕೊನೇದು ಇವಳದ್ದೇ ಆಯ್ತಲ್ಲ," ಎಂದರು ಅತ್ತೆ, ಯಾರೋ ಮೋಸ ಮಾಡಿದರು ಎನ್ನುವ ದನಿಯಲ್ಲಿ.

ಕಂಡಕ್ಟರಿಗೆ ಅವರ ಹಲ್ಲು ಅಂದೇ ಸಂಜೆ ವಾಪಸಾಯಿತು. ಸೋಮವಾರ ಹಲ್ಲಕ್ಕ ಎಂದಿನಂತೆ ಲ್ಯಾಬಿಗೆ ಹೋಗಿ, ಡಾಕ್ಟರಿಗೆ ಏನೂ ಹೇಳದೆ, ಎರಡು ಕೆಳದವಡೆಯ ಅಚ್ಚಿಗೆ ಪ್ಲಾಸ್ಟರ್ ಸುರಿದಳು. ಮುಂದಿನ ಡಬ್ಬಿ ಆರಿಸಲು ಶನಿವಾರ ಗುಜರಿಗೆ ಹೋಗುತ್ತಾಳೆ. ಚೀಲ ಹೊರುವುದಕ್ಕೆ ಜೊತೆಗೆ ಬರುತ್ತೇವೆ ಎಂದು ನಾಲ್ವರೂ ಬೇರೆ ಬೇರೆಯಾಗಿ ಬಂದು ಹೇಳಿದ್ದಾರೆ.