ಸತ್ತವರು ಲೋಟ ತೊಳೆಯಬೇಕು

ಶುಕ್ರವಾರ ಮಧ್ಯಾಹ್ನ ಅವಳು ಒಂದು ಬಿಳಿ ಅಂಗಿಯ ಬೆನ್ನು ಸುಟ್ಟಳು. ಲಾಂಡ್ರಿಗೆ ಸೇರಿದಾಗಿನಿಂದ ಅವಳ ಕೈಯಲ್ಲಿ ಒಂದು ಕಾಲರ್ ಕೂಡ ಕಂದಿದ್ದಿಲ್ಲ. ಗಿರಾಕಿಗಳು ಬಟ್ಟೆ ಕೊಡುವಾಗ "ಇಸ್ತ್ರಿ ಅಕ್ಕನ ಕೈಗೇ ಕೊಡಿ" ಎಂದು ಹೇಳಿ ಹೋಗುತ್ತಿದ್ದರು. ಈಗ ನೋಡಿದರೆ ಅಂಗಿಯ ನಡುಬೆನ್ನಿಗೆ ದೋಣಿಯಾಕಾರದ ಕಂದು ಗುರುತು.

"ಏನಮ್ಮಾ, ಸಹಿ ಹಾಕಿಬಿಟ್ಟೆಯಲ್ಲ," ಎಂದ ಲಾಂಡ್ರಿ ಮಾಲೀಕ, ಅಂಗಿಯನ್ನು ಬೆಳಕಿಗೆ ಹಿಡಿದು. "ಮನಸ್ಸು ಎಲ್ಲಿತ್ತು?"

ಮನಸ್ಸು ಭಾನುವಾರದ ಮೇಲಿತ್ತು. ಭಾನುವಾರ ಸಂಜೆ ಅವಳ ಅಪ್ಪ ಬರುವವನಿದ್ದ. ಊರಾಚೆಯ ಇಟ್ಟಿಗೆ ಭಟ್ಟಿಯಲ್ಲಿ ಅವನದು ಬೆಂಕಿ ಕಾಯುವ ಕೆಲಸ. ಕಿಂಡಿಯಲ್ಲಿ ಇಣುಕಿ, ಉರಿಯ ಬಣ್ಣ ನೋಡಿ, ಇಟ್ಟಿಗೆ ಬೆಂದಿತೋ ಇಲ್ಲವೋ ಹೇಳಬೇಕು. ನೋಡಿ ನೋಡಿ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಆಪರೇಷನ್ ಆಗಿ ಕಣ್ಣು ವಾಸಿಯಾಗುವವರೆಗೆ ಮಗಳ ಮನೆಯಲ್ಲಿರುವುದು, ಮೊಮ್ಮಗಳ ಕೋಣೆಯಲ್ಲಿ ಮಲಗುವುದು ಎಂದು ತೀರ್ಮಾನವಾಗಿತ್ತು.

ಆ ಸುದ್ದಿ ಕೇಳಿದ ದಿನವೇ ನಾಲ್ಕನೇ ಕ್ಲಾಸಿನ ಮಗಳು ತನ್ನ ಕಂಪಾಸು ಡಬ್ಬಿ, ಕತ್ತರಿ, ಸೈಕಲ್ಲಿನ ಬೀಗದ ಕೈ ಎಲ್ಲವನ್ನೂ ಒಂದು ಕಾಲುಚೀಲದಲ್ಲಿ ತುಂಬಿ, ಗಂಟು ಹಾಕಿ, ಬೀರುವಿನ ಹಿಂದೆ ಇಳಿಬಿಟ್ಟಳು.

"ಇದ್ಯಾಕೆ ಇಲ್ಲಿ ನೇತಾಡ್ತಿದೆ?" ಎಂದು ತಾಯಿ ಕೇಳಿದಳು.

"ಹೊಗೆಮಂದಿ ಕಬ್ಬಿಣ ಮುಟ್ಟಿದ್ರೆ ಮಾಯ ಆಗುತ್ತೆ ಅಮ್ಮ." ದನಿ ತಗ್ಗಿಸಿ ಹುಡುಗಿ ಕೇಳಿದಳು: "ತಾತ ಹೊಗೆಮಂದಿ ಅಲ್ವಾ? ಮೊನ್ನೆ ನಾನೇ ನೋಡಿದ್ನಲ್ಲ."

ಮೊನ್ನೆ ಎಂದರೆ ಆಸ್ಪತ್ರೆಯ ಚೀಟಿ ಕೊಡಲು ತಾಯಿ ಮಗಳು ಸ್ಕೂಟರಿನಲ್ಲಿ ಭಟ್ಟಿಗೆ ಹೋಗಿದ್ದ ದಿನ. ಬುದ್ಧಿ ಬಂದ ಮೇಲೆ ಮಗು ಭಟ್ಟಿ ನೋಡಿದ್ದು ಅದೇ ಮೊದಲು. ಮನೆಗೆ ಬರುವಾಗಲೆಲ್ಲ ಮಿಂದು, ತಲೆ ಬಾಚಿ ಬರುತ್ತಿದ್ದ ತಾತ ಅಂದು ಮಸಿ ಮುಖದಲ್ಲಿ, ಹಣೆಗೆ ಬಟ್ಟೆ ಬಿಗಿದು ಮುಂದೆ ಗಂಟು ಹಾಕಿಕೊಂಡು, ಬರಿಗಾಲಲ್ಲಿ ಬಿಸಿ ನೆಲದ ಮೇಲೆ ಕುಪ್ಪಳಿಸುತ್ತ ಬಂದು, ಹೊಗೆ ಕುಡಿದ ಗೊಗ್ಗರು ದನಿಯಲ್ಲಿ "ಬಾರೇ ಪುಟ್ಟೀ" ಎಂದು ಕೂಗಿದ್ದ. ಹುಡುಗಿ ಸ್ಕೂಟರಿನಿಂದ ಇಳಿಯಲೇ ಇಲ್ಲ.

ಹೊಗೆಮಂದಿಯನ್ನು ಹುಟ್ಟಿಸಿದ್ದು ಭಾವ, ಅವಳ ಗಂಡನ ಅಣ್ಣ. ಡ್ರೈವಿಂಗ್ ಸ್ಕೂಲಿನ ಮಾಸ್ಟರು. ವಾರವಿಡೀ ಕಲಿಯುವವರ ಪಕ್ಕ ಕೂತು ಬ್ರೇಕ್ ತುಳಿಯುವ ಆ ಮನುಷ್ಯನಿಗೆ ಭಾನುವಾರದ ಆಟವೊಂದೇ ಸುಖ. ಒಬ್ಬರು ಕಥೆ ನಡೆಸುತ್ತಾರೆ, ಉಳಿದವರು ಒಂದೊಂದು ವೇಷ ತೊಡುತ್ತಾರೆ: ಒಬ್ಬ ಯೋಧ, ಒಬ್ಬಳು ಮಾಟಗಾತಿ, ಒಬ್ಬಳು ಬಿಲ್ಲುಗಾರ್ತಿ. ಕಾಡು, ಕೋಟೆ, ಗುಹೆ ಎಂದು ಕಥೆ ಸಾಗಿದ ಹಾಗೆ ಇಪ್ಪತ್ತು ಮುಖದ ದಾಳ ಎಸೆದು ಯಾರು ಗೆದ್ದರು, ಯಾರು ಸತ್ತರು ನೋಡಬೇಕು. ಕೊಂಡು ತಂದ ಆಟದ ಪೆಟ್ಟಿಗೆಯಲ್ಲಿ ಕೊಲ್ಲಲಿಕ್ಕೆಂದೇ ಒಂದಷ್ಟು ಕುಲಗಳಿದ್ದವು. ಹಸಿರು ಚರ್ಮ, ಹಂದಿ ಕೋರೆ, ಹುಟ್ಟಿದಾಗಿನಿಂದಲೇ ದುಷ್ಟ. ಆದರೆ ಅವಕ್ಕೆ ಮಗು ಹೆದರಲೂ ಇಲ್ಲ, ನಗಲೂ ಇಲ್ಲ. ಆಗ ಭಾವ ತಮ್ಮದೇ ಒಂದು ಕುಲ ಕಟ್ಟಿದರು. ಕಾರು ಕಲಿಸುವಾಗ ಭಟ್ಟಿ ರಸ್ತೆಯಲ್ಲಿ ಇಟ್ಟಿಗೆ ಗಾಡಿಗಳ ಹಿಂದೆ ಸಿಕ್ಕಿ ಕೂತಾಗ ಕಂಡದ್ದನ್ನೆಲ್ಲ ಅದಕ್ಕೆ ತೊಡಿಸಿದರು. ಮಸಿ, ಹಣೆಗಂಟು, ಕುಪ್ಪಳಿಸುವ ನಡಿಗೆ, ಗೊಗ್ಗರು ದನಿ. ಜೇಡಿಮಣ್ಣಿನಲ್ಲಿ ಗೊಂಬೆಗಳನ್ನೂ ಮಾಡಿದರು. ಮಗು ಬಿದ್ದು ಬಿದ್ದು ನಕ್ಕಿತು.

ಭಾವ ಕೆಟ್ಟವರಲ್ಲ. ಅವಳ ಮದುವೆಗೆ ಮನೆಯವರೆಲ್ಲ ಮೂಗು ಮುರಿದಾಗ ಪರವಾಗಿ ನಿಂತವರು ಅವರೇ. ಲಾಂಡ್ರಿಯಲ್ಲಿ ಕೆಲಸ ಕೊಡಿಸಿದವರೂ ಅವರೇ. ಅವಳು ಭಟ್ಟಿ ಕಡೆಯವಳು ಎಂಬುದೇ ಅವರಿಗೆ ಈಗ ಮರೆತುಹೋಗಿತ್ತು. ಅವರ ಮಟ್ಟಿಗೆ ಅದೇ ಪ್ರೀತಿ. ಟೀ ಕೊಟ್ಟು ಒಳಗೆ ಹೋಗುವಾಗ ಆ ಗೊಗ್ಗರು ದನಿ ಅವಳ ಕಿವಿಗೂ ಬೀಳುತ್ತಿತ್ತು. ಅಪ್ಪನ ನೆನಪಾಗಿ ಒಮ್ಮೊಮ್ಮೆ ಅವಳೂ ನಗುತ್ತಿದ್ದಳು. ಕಾಲುಚೀಲ ಕಂಡ ಮೇಲೆ ನಗು ಬರಲಿಲ್ಲ.

ಗಂಡನ ಬಳಿ ಹೇಳಿಕೊಂಡಳು. ಅವನಿಗೆ ಟೈರು ಅಂಗಡಿಯಲ್ಲಿ ಕೆಲಸ, ಆಟದಲ್ಲಿ ಯೋಧ.

"ಅಯ್ಯೋ, ಆಟ ಕಣೇ ಅದು. ರಾಕ್ಷಸರು ಅಂದ್ಮೇಲೆ ಎಲ್ಲೋ ಒಂದು ಕಡೆಯವರಾಗಿರಲೇಬೇಕಲ್ಲ."

"ಎಲ್ಲೋ ಒಂದು ಕಡೆ ಅಂದ್ರೆ ನಮ್ಮ ಕಡೇನೇ ಆಗ್ಬೇಕಾ?"

ಅವನು ತಲೆ ಕೆರೆದುಕೊಂಡ. "ಅಣ್ಣಂಗೆ ಹೇಳೋದಾ?"

"ಬೇಡ. ಹೇಳಿದ್ರೆ ಬೇಜಾರು ಮಾಡ್ಕೊಂಡು ಆಟಾನೇ ನಿಲ್ಲಿಸ್ತಾರೆ. ಅಮ್ಮಾನೇ ಆಟ ಕೆಡಿಸಿದ್ಳು ಅನ್ನುತ್ತೆ ಮಗು. ಆಮೇಲೆ ತಾತನ ಹತ್ರ ಹೋಗುತ್ತಾ?"

ಶನಿವಾರ ಅವಳು ಮಗಳ ಕೋಣೆಯ ಮಂಚವನ್ನು ಕಿಟಕಿಗೆ ಎಳೆದಳು, ಮತ್ತೆ ಗೋಡೆಗೆ ತಳ್ಳಿದಳು, ಮತ್ತೆ ಕಿಟಕಿಗೇ ತಂದಳು. ಅಪ್ಪನಿಗೆಂದು ಎತ್ತಿಟ್ಟಿದ್ದ ಹೊದಿಕೆಗೂ ಇಸ್ತ್ರಿ ಹಾಕಿದಳು. ಮುದುಕ ಕತ್ತಲಲ್ಲಿ ಕೈಯಾಡಿಸುತ್ತ ನೀರಿನ ಲೋಟ ಹುಡುಕುವುದು, ಮಗು ಕಿಟಾರನೆ ಕಿರುಚಿಕೊಳ್ಳುವುದು, ಇದೇ ಕಣ್ಣ ಮುಂದೆ.

ಭಾನುವಾರ ಊಟದ ಮೇಜಿನ ಮೇಲೆ ಗೊಂಬೆಗಳು ಸಾಲಾದವು. ಅವಳು ಟೀ ತಂದಿಟ್ಟಳು. ಒಳಗೆ ಹೋಗಲಿಲ್ಲ, ಕುರ್ಚಿ ಎಳೆದು ಕೂತಳು.

"ನಾನೂ ಆಡ್ತೀನಿ."

"ಅಬ್ಬಾ, ಇವತ್ತು ಸೂರ್ಯ ಎಲ್ಲಿ ಹುಟ್ಟಿದ!" ಎಂದಳು ಓರಗಿತ್ತಿ, ಭಾವನ ಹೆಂಡತಿ. ಆಟದಲ್ಲಿ ಅವಳೇ ಮಾಟಗಾತಿ.

ಭಾವನ ಮುಖ ಅರಳಿತು. "ಬಾಮ್ಮಾ, ಬಾ. ವೈದ್ಯೆ ಪಾತ್ರ ಖಾಲಿ ಇದೆ. ಗಾಯ ವಾಸಿ ಮಾಡೋಳು, ನಿಂಗೆ ಒಪ್ಪುತ್ತೆ."

"ನಾನು ಹೊಗೆಮಂದಿ ಆಗ್ತೀನಿ ಭಾವ."

"ಅದು ಆಗಲ್ಲಮ್ಮ. ಅವು ಎದುರಾಳಿಗಳು. ಹುಟ್ಟಾ ಕಳ್ಳರು, ಬುದ್ಧಿ ಅನ್ನೋದೇ ಇಲ್ಲ. ಅದನ್ನ ಯಾರೂ ತಗೊಳ್ಳಲ್ಲ."

"ಯಾರೂ ತಗೊಳ್ಳಲ್ಲ ಅಂತ ತಾನೇ ಖಾಲಿ ಇರೋದು?"

ಓರಗಿತ್ತಿ ಕಿಸಕ್ಕನೆ ನಕ್ಕಳು. "ಕೊಡಿ ಅಂದ್ರೆ. ಬಾಯಿ ಬಿಟ್ಟು ಕೇಳ್ತಿದ್ದಾಳೆ."

"ಸರಿ. ಆದ್ರೆ ಮಾತಾಡೋ ಹಾಗಿಲ್ಲ. ಅವಕ್ಕೆ ಭಾಷೆ ಇಲ್ಲ, ಬರೀ ಗೊರಗೊರ." ಭಾವ ಹಣೆಗಂಟಿನ ಒಂದು ಗೊಂಬೆಯನ್ನು ಅವಳ ಮುಂದೆ ಇಟ್ಟರು.

ಮಾತಾಡಲೆಂದೇ ಅವಳು ಕೂತಿದ್ದಳು. ಎರಡು ದಿನದಿಂದ ಇಸ್ತ್ರಿ ಮೇಜಿನ ಮುಂದೆ ಮಾತು ಜೋಡಿಸಿಕೊಂಡಿದ್ದಳು. ಈಗ ಗೊಂಬೆಯನ್ನು ಮಾತ್ರ ತನ್ನತ್ತ ಎಳೆದುಕೊಂಡಳು.

ಕಥೆ ಶುರುವಾಯಿತು. ವೀರರು ಸುಟ್ಟ ಕಣಿವೆಗೆ ಬಂದಿದ್ದಾರೆ. ಕೋಟೆಯ ಬಾಗಿಲು ತೆಗೆಯುವ ಕಬ್ಬಿಣದ ಬೀಗದ ಕೈ ಅಲ್ಲೆಲ್ಲೋ ಇದೆ. ಬೆಂಕಿಯ ಪಕ್ಕ ಒಬ್ಬಳು ಹೊಗೆಯವಳು ನಿಂತಿದ್ದಾಳೆ. ಭಾವ ಅವಳತ್ತ ತಿರುಗಿದರು. "ಏನು ಮಾಡ್ತೀಯಾ, ಕೈಯಲ್ಲಿ ತೋರಿಸು."

ಅವಳು ಸೊಂಟದಿಂದ ಏನನ್ನೋ ಬಿಚ್ಚಿದ ಹಾಗೆ ಮಾಡಿದಳು. ಎರಡೂ ಅಂಗೈ ಚಾಚಿ ಬಿಲ್ಲುಗಾರ್ತಿಯ ಮುಂದೆ ಹಿಡಿದಳು. ಬಿಲ್ಲುಗಾರ್ತಿ ಎಂದರೆ ಅವಳ ಮಗಳು.

"ಬೀಗದ ಕೈ ಕೊಡ್ತಿದ್ದಾಳೆ," ಎಂದ ಗಂಡ ಮೆಲ್ಲಗೆ. "ತಗೋ ಪುಟ್ಟಿ."

"ಇಲ್ಲಪ್ಪ! ಹೊಗೆಮಂದಿ ಕೊಟ್ಟಿದ್ದು ತಗೋಬಾರ್ದು. ಮೋಸ ಇರುತ್ತೆ. ದೊಡ್ಡಪ್ಪಾನೇ ಹೇಳಿದ್ದು. ಅಲ್ವಾ ದೊಡ್ಡಪ್ಪ?"

"ಹೇಳಿದ್ದೆ," ಎಂದರು ಭಾವ. ಬೇರೆ ಹೇಗೆ ಹೇಳುತ್ತಾರೆ? ಕಟ್ಟಳೆ ಅವರದೇ.

"ಬಾಣ ಬಿಡ್ತೀನಿ!" ಹುಡುಗಿ ದಾಳವನ್ನು ಎರಡು ಕೈಯಲ್ಲಿ ಕುಲುಕಿ ಎಸೆದಳು. ಅದು ಲೋಟಕ್ಕೆ ತಗುಲಿ, ಮಗುಚಿ, ಇಪ್ಪತ್ತು ತೋರಿಸಿ ನಿಂತಿತು. "ಇಪ್ಪತ್ತೂ!" ಹುಡುಗಿ ಕುರ್ಚಿಯ ಮೇಲೆ ಎದ್ದು ಕುಣಿದಳು. ಅಷ್ಟು ಒಳ್ಳೆಯ ಎಸೆತ ಆ ತಿಂಗಳಲ್ಲಿ ಯಾರಿಗೂ ಬಿದ್ದಿರಲಿಲ್ಲ. ಭಾವ ಗೊಂಬೆಯನ್ನು ಅಂಗಾತ ಮಲಗಿಸಿದರು. ತಾಯಿಯ ಕೈ ಇನ್ನೂ ಚಾಚಿಯೇ ಇತ್ತು.

"ಕೂತಳು, ಸತ್ತಳು," ಎಂದಳು ಓರಗಿತ್ತಿ. "ಕಟ್ಟಳೆ ಗೊತ್ತಲ್ಲ? ಸತ್ತವರು ಎದ್ದು ಹೋಗಿ ಲೋಟ ತೊಳೀಬೇಕು."

ಎಲ್ಲರೂ ನಕ್ಕರು. ಅವಳೂ ನಕ್ಕ ಹಾಗೆ ಮಾಡಿ ಲೋಟಗಳನ್ನು ಒಟ್ಟು ಮಾಡಿದಳು. ಆ ಮನೆಯಲ್ಲಿ ಅವಳು ಸಾಯದೆಯೂ ಪ್ರತಿ ಭಾನುವಾರ ಲೋಟ ತೊಳೆದವಳೇ.

ನಲ್ಲಿಯ ಸದ್ದಿನಲ್ಲಿ ಮಗಳು ಬಂದದ್ದು ತಿಳಿಯಲಿಲ್ಲ. "ಅಮ್ಮ, ಕೋಪ ಬಂತಾ? ಅದು ಆಟ ಅಮ್ಮ."

"ಇಲ್ಲ ಕಣೆ. ಬೀಗದ ಕೈ ಏನಾಯ್ತು?"

"ನೀನು ಸತ್ತೆಯಲ್ಲ, ಬಿದ್ದೋಯ್ತು. ಈಗ ನಾವು ತಗೋಬಹುದು."

"ಕೊಟ್ಟಾಗ ಬೇಡ, ಬಿದ್ದ ಮೇಲೆ ಬೇಕು?"

ಹುಡುಗಿ ಉತ್ತರಕ್ಕೆ ಬಾಯಿ ತೆರೆದಳು. ಅಷ್ಟರಲ್ಲಿ ಗೇಟು ಕಿರ್ರೆಂದಿತು. ಸಂಜೆ ಬರಬೇಕಾದವನು ಹೊತ್ತಿಗೆ ಮೊದಲೇ ಬಂದುಬಿಟ್ಟಿದ್ದ.

ಅವಳ ಅಪ್ಪ ಮಿಂದು ಬಂದಿದ್ದ. ಅವಳೇ ಇಸ್ತ್ರಿ ಹಾಕಿ ಕಳಿಸಿದ್ದ ಅಂಗಿ ತೊಟ್ಟಿದ್ದ. ಇಸ್ತ್ರಿಯ ಗೆರೆ ಇನ್ನೂ ಮುರಿದಿರಲಿಲ್ಲ. ಹಣೆಗೆ ಮಾತ್ರ ಅಭ್ಯಾಸಬಲದಿಂದ ಬಟ್ಟೆ, ಮುಂದೆ ಗಂಟು. ಭಾವ ಬಾಗಿಲವರೆಗೆ ಹೋಗಿ ಚೀಲ ಇಸಿದುಕೊಂಡರು. "ಬನ್ನಿ ಯಜಮಾನ್ರೇ, ಹುಷಾರು, ಮೆಟ್ಟಿಲಿದೆ." ಕೈ ಹಿಡಿದು ತಂದು ಖಾಲಿ ಇದ್ದ ಕುರ್ಚಿಯಲ್ಲಿ ಕೂರಿಸಿದರು. ಅದು ಸತ್ತವಳ ಕುರ್ಚಿ. ಹುಡುಗಿ ತನ್ನ ಜಾಗಕ್ಕೆ ಬಂದು ಕೈಗಳನ್ನು ತೊಡೆಯ ಕೆಳಗೆ ಸೇರಿಸಿಕೊಂಡು ಕೂತಳು.

ಮುದುಕನ ಬೆರಳು ಮೇಜಿನ ಮೇಲೆ ಹರಿದಾಡಿ, ಮಲಗಿದ್ದ ಗೊಂಬೆಗೆ ತಗುಲಿತು. ಎತ್ತಿ ಕಣ್ಣಿಗೆ ತೀರ ಹತ್ತಿರ ಹಿಡಿದ. ಹಣೆಯ ಮೇಲೆ ಹೆಬ್ಬೆರಳಾಡಿಸಿದ.

"ಇದು ನಮ್ಮೋನಲ್ವಾ?" ಎಂದ. ಗೊಗ್ಗರು ದನಿಯಲ್ಲಿ ಬೆರಗು. "ಗಂಟು ಮುಂದೆ ಹಾಕೌನೆ ನೋಡು. ಬೆವರು ಕಣ್ಣಿಗಿಳೀಬಾರ್ದು ಅಂತ. ಯಾರು ಮಾಡಿದ್ದು? ಮೂಗು ಸ್ವಲ್ಪ ದಪ್ಪ ಆಯ್ತು, ಆದ್ರೆ ಚೆನ್ನಾಗದೆ. ನಮ್ಮನ್ನ ಯಾರೂ ಗೊಂಬೆ ಮಾಡಿದ್ದೇ ಕಾಣೆ."

"ನಾನೇ," ಎಂದರು ಭಾವ. ಅವರ ಕಿವಿ ಕೆಂಪಗಾಗಿತ್ತು. ಅವರು ಅಡುಗೆಮನೆಯ ಬಾಗಿಲ ಕಡೆ ಒಮ್ಮೆ ನೋಡಿ, ದಾಳವನ್ನು ಎತ್ತಿಕೊಂಡು, ಎಲ್ಲಿಡಬೇಕೆಂದು ತಿಳಿಯದೆ ಮುಷ್ಟಿಯಲ್ಲೇ ಹಿಡಿದರು.

"ಆಟದ ಗೊಂಬೇನಾ ಪುಟ್ಟಿ? ಇವನು ಏನು ಮಾಡ್ತಾನೆ ಆಟದಲ್ಲಿ?"

ಒಳಗೆ ಅವಳು ನಲ್ಲಿ ನಿಲ್ಲಿಸಿದಳು.

ಹುಡುಗಿ ದೊಡ್ಡಪ್ಪನ ಮುಖ ನೋಡಿದಳು. ದೊಡ್ಡಪ್ಪ ಮುಷ್ಟಿ ನೋಡಿಕೊಳ್ಳುತ್ತಿದ್ದರು. ತನ್ನ ಅಪ್ಪನ ಕಡೆ ನೋಡಿದಳು. ಅವನು ಯೋಧನ ಗೊಂಬೆಯನ್ನು ಅತ್ತಿತ್ತ ಸರಿಸುತ್ತಿದ್ದ. ತಾತ ಪೊರೆ ಕಟ್ಟಿದ ಕಣ್ಣನ್ನು ಅವಳ ದಿಕ್ಕಿಗೆ ನೆಟ್ಟು ಕಾಯುತ್ತಿದ್ದ, ಕಿಂಡಿಯ ಮುಂದೆ ಕಾದ ಹಾಗೆ.

"ಇವನು..." ಎಂದಳು ಹುಡುಗಿ. "ಇವನು ಬೀಗದ ಕೈ ಕೊಡ್ತಾನೆ."

"ಓಹೋ. ಕೊಟ್ಟ ಮೇಲೆ?"

"ಕೊಟ್ಟ ಮೇಲೆ..." ತೊಡೆಯ ಕೆಳಗಿನಿಂದ ಒಂದು ಕೈ ಹೊರಬಂದು ಮೇಜಿನ ಅಂಚು ಹಿಡಿಯಿತು. "ಅದನ್ನ ಇನ್ನೂ ಆಡಿಲ್ಲ ತಾತ."

ಅಡುಗೆಮನೆಯಲ್ಲಿ ತಾಯಿಗೆ ಒಂದು ಲೋಟ ಇನ್ನೂ ಉಳಿದಿತ್ತು. ಅವಳು ನಲ್ಲಿ ತಿರುಗಿಸಲಿಲ್ಲ. ಸೋಪಿನ ಕೈಯಲ್ಲಿ ಲೋಟ ಹಿಡಿದು, ಮುಂದೇನೆಂದು ಕಿವಿಗೊಟ್ಟು ನಿಂತಳು.