ಕಾಕಾನ ಜೀಪಿನ ಟೇಪು ನುಡಿದ ಸತ್ಯ

ಇವತ್ತು ಗುಜರಿ ಅಂಗಡಿಯಲ್ಲಿ ಹಳೆಯ ಜೀಪಿನ ಟೇಪ್ ಪ್ಲೇಯರ್ ಕಂಡಿತು. ಗುಂಡಿ ಒತ್ತಿದರೆ ಅದೇ ‘ಟಕ್’ ಸದ್ದು. ನನ್ನ ಬಾಲ್ಯದ ಘೋರ ಅಪರಾಧವೊಂದು ನೆನಪಾಯಿತು.

ಅಣ್ಣಿಗೇರಿಯ ನಮ್ಮ ಕಾಕಾನಿಗೆ ಜೀಪಿಗಿಂತ ಅದರ ಟೇಪಿನ ಮೇಲೆಯೇ ಹೆಚ್ಚು ಅಭಿಮಾನ. ಹತ್ತಿಗೆ ಅತ್ತರು ಹಚ್ಚಿ ಅದರ ಹೆಡ್ ಒರೆಸುತ್ತಿದ್ದ. ಗುಡಗೇರಿಗೆ ಕನ್ಯೆ ನೋಡಲು ಹೋಗುವ ಹಿಂದಿನ ದಿನ ಮಧ್ಯಾಹ್ನ ಅವನು ಮಲಗಿದ್ದಾಗ, ನಾನು ಮನೆಯ ಟೇಪ್‌ರೆಕಾರ್ಡರಿನಲ್ಲಿ ಅವನದೇ ಹಾಡಿನ ಕ್ಯಾಸೆಟ್ಟಿನ ಮೇಲೆ ಅವನ ಗೊರಕೆಯನ್ನು ಭಕ್ತಿಪೂರ್ವಕವಾಗಿ ಮುದ್ರಿಸಿದೆ.

ಮರುದಿನ ನಾನೂ ಜೊತೆಗೆ ಹೋದೆ. ಕನ್ಯೆಯ ಮನೆಯಂಗಳದಲ್ಲಿ ಮಂದಿ ಜೀಪನ್ನು ಮುತ್ತಿದರು. ಕಾಕಾ ಗತ್ತಿನಿಂದ ಟೇಪು ಹಚ್ಚಿದ. ಎರಡೂ ಸ್ಪೀಕರುಗಳಲ್ಲಿ ಗೊರಕೆ ಗುಡುಗಿತು.

“ಏನ್ರಿ ಇದು?” ಕನ್ಯೆಯ ತಂದೆ ಹುಬ್ಬು ಗಂಟಿಕ್ಕಿದರು.

ಸಂಬಂಧ ಮುರಿದೇ ಹೋಯಿತೆಂದು ಹೆದರಿ ನಾನು ಮುಂದೆ ಬಂದೆ. “ಗೊರಕಿ ಕಾಕಾಂದ್ರಿ, ತಪ್ಪು ನಂದ್ರಿ,” ಎಂದೆ.

ಬಾಗಿಲ ಮರೆಯಲ್ಲಿ ಕನ್ಯೆ ಕಿಸಕ್ಕನೆ ನಕ್ಕಳು. “ಅಪ್ಪಾ, ಉಳದವರು ಲಗ್ನ ಆಗೋತನಕ ಇದನ್ನ ಮುಚ್ಚಿಡ್ತಾರ. ಇವರು ಮೊದಲ ಕೇಳಿಸ್ಯಾರ. ಹೂಂ ಅನ್ರಿ!”

ಹಾಗೆ ನನಗೊಬ್ಬಳು ಕಾಕು, ಅಂದರೆ ಚಿಕ್ಕಮ್ಮ, ಸಿಕ್ಕಳು. ಈಗಷ್ಟೇ ಅವಳಿಗೆ ಫೋನು ಮಾಡಿ, ಅಂಥದೇ ಟೇಪು ಸಿಕ್ಕಿದೆ, ಜೀಪು ಮಾತ್ರ ಇಲ್ಲವಲ್ಲ ಎಂದೆ.

“ತಗೊಂಡ್ ಬಾ ಬೇ. ಟ್ರ್ಯಾಕ್ಟರಿಗೆ ಕೂಡ್ಸೂಣು. ಹೊಲಾನೂ ಒಂದೀಟು ಹಾಡು ಕೇಳಲಿ!”