ಹಿಮ್ಮಡಿಯಿಂದ ಹುಟ್ಟಿದ ಪದ

ನಮ್ಮ ಇಂಗ್ಲಿಷ್ ಅಕ್ಕೋರ ಎಡಗಾಲು ತುಸು ಗಿಡ್ಡ. ಎಳೆದು ನಡೆಯುತ್ತಿದ್ದುದರಿಂದ ಆ ಕಾಲಿನ ಚಪ್ಪಲಿಯ ಹಿಮ್ಮಡಿ ಓರೆಯಾಗಿ ಸವೆದಿರುತ್ತಿತ್ತು. ಉಗಾರದ ಮನೆಯಿಂದ ಅಥಣಿಯ ನಮ್ಮ ಶಾಲೆಗೆ ಅವರು ಬರುವ ಬಸ್ಸು ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ಸಿಕ್ಕು ತಡವಾದರೂ ಅವರ ಪಾಠ ತಪ್ಪುತ್ತಿರಲಿಲ್ಲ. "ಪದದ ಅರ್ಥ ಅಷ್ಟ ಕೇಳಬ್ಯಾಡ್ರಿ, ಅದರ ಊರು ಯಾವುದಂತ ಕೇಳ್ರಿ" ಎನ್ನುತ್ತಿದ್ದರು.

ನಾನಾಗ ಒಂಬತ್ತನೇ ಇಯತ್ತೆ. ಒಂದು ಪಾಠದಲ್ಲಿ 'ಡೌನ್-ಅಟ್-ಹೀಲ್' ಎಂಬ ಪದ ಬಂತು. ಅಕ್ಕೋರು "ಹೀಲ್ ಅಂದ್ರ ಹಿಮ್ಮಡ" ಎಂದದ್ದೇ ತಡ, ಹಿಂದಿನ ಬೆಂಚಿನ ಹುಡುಗಿ ನನ್ನ ಜಡೆ ಜಗ್ಗಿ, "ನಿಮ್ಮ ಮನೀ ಪಾಠ ಬಂತು ನೋಡಲೇ" ಎಂದು ನಕ್ಕಳು. ನನ್ನ ಅಪ್ಪ-ಅವ್ವ ಚಪ್ಪಲಿ ಹೊಲಿಯುವವರು. ನಾನು ತಲೆ ತಗ್ಗಿಸಿದೆ.

ಅಕ್ಕೋರಿಗೆ ಕೇಳಿಸಿತ್ತು. ಬೈಯಲಿಲ್ಲ. ಸೀರೆಯ ನೆರಿಗೆ ಎತ್ತಿ, ತಮ್ಮ ಎಡಗಾಲನ್ನು ಎಲ್ಲರಿಗೂ ಕಾಣುವಂತೆ ಮುಂದಿಟ್ಟರು.

"ನೋಡ್ರಿ. ಹಿಮ್ಮಡ ಸವದರೂ ಹೊಸಾದು ಹಾಕಿಸಾಕ ಆಗದವರಿಗೆ ಇಂಗ್ಲಿಷ್ ಮಂದಿ ಹಿಂಗಂದ್ರು. ಅದರಿಂದ ಬಡವ, ಹರಕ ಅನ್ನೋ ಅರ್ಥ ಬಂತು. ಸಿರಿವಂತಗ 'ವೆಲ್-ಹೀಲ್ಡ್' ಅಂತಾರ. ಅದು ಕಾಳಗದ ಹುಂಜದ ಕಾಲಿಗೆ ಕಟ್ಟೋ ಮುಳ್ಳಿನಿಂದ ಬಂತಂತ ಕೆಲವರು ಹೇಳ್ತಾರ. ಖರೇ ಏನೋ, ನನಗೂ ಗೊತ್ತಿಲ್ಲ. ಆದ್ರ ಸಿರಿವಂತನ್ನೂ ಬಡವನ್ನೂ ಹಿಮ್ಮಡದಿಂದ ಅಳೆಯೋ ಭಾಷಾ ಇದು. ಆ ಹಿಮ್ಮಡ ಕಟ್ಟೋರ ಮಗಳು ನಮ್ಮ ವರ್ಗದಾಗ ಅದಾಳ." ಆಮೇಲೆ ನನ್ನತ್ತ ತಿರುಗಿದರು: "ಎದ್ದ ನಿಂದ್ರವಾ. ಚಪ್ಪಲಿ ತಳದ ಅಟ್ಟೆ ಹೆಂಗ ಕೂಡಿಸ್ತಾರ, ಹೇಳು."

ಎದ್ದೆ. ಎಮ್ಮೆಯ ತೊಗಲು ಹದಮಾಡುವುದು, ಪದರ ಮೇಲೆ ಪದರ ಇಟ್ಟು ಬಡಿಯುವುದು, ಅವ್ವ ಹೆಣೆಯುವ ಪಟ್ಟಿ, ಎಲ್ಲ ಹೇಳಿದೆ. ಯಾರೂ ನಗಲಿಲ್ಲ.

ಆ ರವಿವಾರ ಅಕ್ಕೋರು ನಮ್ಮ ಮನೆಗೇ ಬಂದರು. ತೊಗಲಿನ ವಾಸನೆಯ ನಡುವೆ ಅವ್ವನ ಪಕ್ಕ ಚಾಪೆಯ ಮೇಲೆ ಕೂತು ಚಹಾ ಕುಡಿದರು. ಅಪ್ಪ ಅವರ ಕಾಲಳತೆ ತೆಗೆದುಕೊಂಡು, ಎಡಗಡೆ ಒಂದು ಪದರ ಹೆಚ್ಚಿಟ್ಟು ಜೋಡು ಮಾಡಿಕೊಟ್ಟ. ಅಕ್ಕೋರು ಅದನ್ನು ಮೆಟ್ಟಿ ಅಂಗಳದಲ್ಲಿ ನೆಟ್ಟಗೆ ನಡೆದು ತೋರಿಸಿ, "ಈಕಿನ್ನ ಎಂ.ಎ. ತನಕಾ ಓದಸ್ರಿ" ಎಂದರು. ಅಪ್ಪ ಓದಿಸಿದ.

ನಿಪ್ಪಾಣಿಯ ಕಾಲೇಜಿನಲ್ಲಿ ನಾನು ಇಂಗ್ಲಿಷ್ ಕಲಿಸತೊಡಗಿ ಎರಡನೇ ವರ್ಷಕ್ಕೆ ಅಕ್ಕೋರು ತೀರಿಕೊಂಡರು. ಅಪ್ಪನೊಂದಿಗೆ ಉಗಾರದ ಅವರ ಮನೆಗೆ ಹೋದೆ. ಗುರುತಿನವರು ಯಾರೂ ಕಾಣದೆ ಬಾಗಿಲಲ್ಲೇ ನಿಂತಿದ್ದೆವು. ನೆರೆಮನೆಯ ಮುದುಕಿಯೊಬ್ಬಳು ಹತ್ತಿರ ಬಂದು, "ನಿಪ್ಪಾಣ್ಯಾಗ ಇಂಗ್ಲಿಷ್ ಕಲಸಾಕಿ ನೀನ ಏನ? ನಮ್ಮ ಹುಡುಗಿ, ನಮ್ಮ ಹುಡುಗಿ ಅಂತ ಅಕ್ಕೋರು ಓಣಿಗೆಲ್ಲಾ ಹೇಳಿದ್ರವಾ. ಬಾ, ಒಳಗ ಬಾ" ಎಂದು ಕೈ ಹಿಡಿದಳು.

ಅಪ್ಪ ಕಣ್ಣೊರೆಸಿಕೊಂಡು ನನಗಿಂತ ಮೊದಲೇ ಉತ್ತರ ಕೊಟ್ಟ: "ಹೌದ್ರೀ, ಈಕಿ ಅವರ ಹುಡುಗೀನ."